ಕಾಣದ ನೋವಿಗೆ ಪ್ರಮಾಣವೇನು?

ಕನ್ನಡದಲ್ಲಿ ನೋವೆಂಬ ಅರ್ಥಕ್ಕೆ ನಿಂತುಹೋಗಿರುವ 'ವೇದನೆ' ಎಂಬ ಪದವು ಅರಿಯುವುದೆಂಬ ಅರ್ಥದ 'ವಿದ್' ಧಾತುವಿನಿಂದ ಹುಟ್ಟಿದ್ದು, ಬೌದ್ಧಶಾಸ್ತ್ರಗಳಲ್ಲಿ ಅದು ಸುಖ, ದುಃಖ ಮತ್ತು ಇವೆರಡೂ ಅಲ್ಲದ ಅನುಭವಗಳಿಗೆಲ್ಲ ಸಲ್ಲುತ್ತದೆ. ನೋವು ಪಡುವವರು ಅದನ್ನು ನೇರವಾಗಿ ಅರಿಯುತ್ತಾರೆ. ತೊಡಕಿರುವುದು ಪಕ್ಕದಲ್ಲಿರುವವರ ಅರಿವಿನಲ್ಲಿ. ನ್ಯಾಯದರ್ಶನವು ದುಃಖವನ್ನು ಆತ್ಮದ ಗುಣವೆಂದು ಎಣಿಸಿ, ಅದು ಆಯಾ ಆತ್ಮಕ್ಕೆ ಮನಸ್ಸಿನ ಮೂಲಕ ಪ್ರತ್ಯಕ್ಷವಾಗುತ್ತದೆಂದು ಹೇಳುತ್ತದೆ. ಉಳಿದವರು ಅದನ್ನು ಲಿಂಗದಿಂದ, ಅಂದರೆ ಹೊರಗಿನ ಗುರುತಿನಿಂದ, ಊಹಿಸಿಯೇ ತಿಳಿಯಬೇಕು.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ಹೊಸ ನೋವಿನಲ್ಲಿ ಎದ್ದು ಕಾಣುವ ಬೆವರು, ಏರಿದ ನಾಡಿ, ನರಳಾಟಗಳು ಹಳೆಯ ನೋವಿನಲ್ಲಿ ಬಹುಮಟ್ಟಿಗೆ ಅಡಗಿಹೋಗುವುದರಿಂದ, ಲೋಕಕ್ಕೆ ರೂಢಿಯಾದ ಲಿಂಗಗಳೇ ಇಲ್ಲಿ ಸಿಗುವುದಿಲ್ಲ. ಸಿಗುವವು ಬೇರೆ: ಪಂಕ್ತಿಯಲ್ಲಿ ನೆಲಕ್ಕೆ ಕೂರದೆ 'ಆಮೇಲೆ ಉಣ್ಣುತ್ತೇನೆ' ಎಂದು ಜಾರಿಕೊಳ್ಳುವುದು, ಏಳುವ ಮುನ್ನ ಕೈ ಗೋಡೆಯನ್ನು ಅರಸುವುದು, ಒಂದು ದಿನದ ಓಡಾಟಕ್ಕೆ ಎರಡು ದಿನ ಹಾಸಿಗೆ ಹಿಡಿಯುವುದು, ಮಾತಿನ ನಡುವೆ ಬಲ್ಲ ಪದವೇ ನೆನಪಾಗದಿರುವುದು, 'ಹೇಗಿದ್ದೀರಿ' ಎಂದು ಕೇಳಿ ಮುಗಿಸುವ ಮೊದಲೇ 'ಚೆನ್ನಾಗಿದ್ದೇನೆ' ಎಂದುಬಿಡುವುದು. ಮನೆಮಂದಿ ಇವನ್ನು ಸೋಮಾರಿತನ, ಬಿಂಕ, ವಯಸ್ಸಿನ ಮರೆವು ಎಂದು ಓದುವುದೇ ಹೆಚ್ಚು.

'ನೋವು ಕಾಣುತ್ತಿಲ್ಲ, ಆದ್ದರಿಂದ ಇಲ್ಲ' ಎಂಬ ತೀರ್ಮಾನವನ್ನು ಪರೀಕ್ಷಿಸಲು ಕುಮಾರಿಲಭಟ್ಟನ ಮೀಮಾಂಸೆ ಒಳ್ಳೆಯ ಸಾಧನ. ಅದು 'ಅನುಪಲಬ್ಧಿ'ಯನ್ನು, ಅಂದರೆ ಕಾಣದಿರುವಿಕೆಯನ್ನು, ಅಭಾವವನ್ನು ತಿಳಿಸುವ ಸ್ವತಂತ್ರ ಪ್ರಮಾಣವೆಂದು ಒಪ್ಪುತ್ತದೆ. ಆದರೆ ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇದ್ದಾಗ ಮಾತ್ರ. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆನ್ನಬಹುದು, ಕತ್ತಲೆಯಲ್ಲಿ ಹಾಗೆನ್ನಲಾಗದು. ಪರರ ನೋವು ಎಷ್ಟು ಬೆಳಕಿನಲ್ಲೂ ಕಣ್ಣಿಗೆ ಯೋಗ್ಯವಾದ ವಸ್ತುವಲ್ಲ. ಸ್ಕ್ಯಾನಿಂಗ್ ವರದಿಯೂ ಎಲುಬು ಮಾಂಸಗಳ ಆಕಾರವನ್ನು ತೋರಿಸುತ್ತದೆಯೇ ಹೊರತು ನೋವನ್ನಲ್ಲ. 'ನಗುತ್ತಿದ್ದಾಳೆ, ಆದ್ದರಿಂದ ನೋವಿಲ್ಲ' ಎಂಬುದಂತೂ ನೈಯಾಯಿಕರು ಸವ್ಯಭಿಚಾರವೆಂದು ಕರೆಯುವ ಹೇತ್ವಾಭಾಸ, ಅಂದರೆ ಸಾಧಿಸಬೇಕಾದ ವಿಷಯ ಇದ್ದಲ್ಲೂ ಇಲ್ಲದಲ್ಲೂ ಸುಳಿಯುವ ನಂಬಲಾಗದ ಕಾರಣ: ನೋವಿದ್ದವರೂ ನಗುತ್ತಾರೆ, ಇಲ್ಲದವರೂ ನಗುತ್ತಾರೆ.

ಮೇಲೆ ಹೇಳಿದ ಸೂಕ್ಷ್ಮ ಗುರುತುಗಳೂ ಇದೇ ದೋಷಕ್ಕೆ ಹೊರತಲ್ಲ; ಗೋಡೆ ಹಿಡಿದವರೆಲ್ಲ ನೋವುಳ್ಳವರಲ್ಲ. ಆದ್ದರಿಂದ ಗುರುತುಗಳು ಕೇಳುವುದಕ್ಕೆ ಪ್ರೇರಣೆಯಾಗಬಹುದು, ನಿರ್ಣಯಕ್ಕೆ ಶಬ್ದಪ್ರಮಾಣವೇ, ಅಂದರೆ ನಂಬತಕ್ಕವರ ಮಾತೇ, ಬೇಕು. ವಿಷಯವನ್ನು ಸಾಕ್ಷಾತ್ತಾಗಿ ಬಲ್ಲ, ಬಲ್ಲುದನ್ನು ತಿಳಿಸಬಯಸುವ ವ್ಯಕ್ತಿಯೇ ಆಪ್ತನೆಂದೂ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನ ಹೇಳಿರುವುದರಿಂದ, ತನ್ನ ಬೆನ್ನುನೋವಿನ ವಿಷಯದಲ್ಲಿ ಓದುಬರಹವಿಲ್ಲದ ಕೂಲಿಯಾಳೂ ಆಪ್ತಳೇ. ಸುಳ್ಳು ಹೇಳಬಹುದಲ್ಲ ಎಂಬ ಆಕ್ಷೇಪ ದೊಡ್ಡದಲ್ಲ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯಿದೆಯೆಂದುಕೊಂಡ ಮಾತ್ರಕ್ಕೆ ಅನುಮಾನಪ್ರಮಾಣವನ್ನು, ಅಂದರೆ ಗುರುತಿನಿಂದ ಊಹಿಸಿ ತಿಳಿಯುವ ಬಗೆಯನ್ನು, ಯಾರೂ ಕೈಬಿಟ್ಟಿಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ಪರಿಷ್ಕರಿಸಿದ ನೋವಿನ ವ್ಯಾಖ್ಯೆಯ ಟಿಪ್ಪಣಿಗಳು ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆನ್ನುತ್ತವೆ; ಹೇಳಲಾರದವರಿಗೆ, ಪ್ರಾಣಿಗಳೂ ಸೇರಿದಂತೆ, ನೋವಿಲ್ಲವೆಂದು ತಿಳಿಯಲಾಗದೆಂಬುದನ್ನೂ ಅವೇ ಟಿಪ್ಪಣಿಗಳು ಸೇರಿಸುತ್ತವೆ.