ಗೊತ್ತಿದ್ದೂ ಬಿಟ್ಟ ಕೊಂಬೆ

ವಾಕ್ಯಭಾಗ: ಧರ್ಮೋಪದೇಶಕಾಂಡ 22:8, ಲೂಕ 13:6-9

 

ಇವತ್ತು ನನ್ನ ತಪ್ಪನ್ನು ಒಪ್ಪಿಕೊಂಡೇ ಪ್ರಸಂಗ ಶುರು ಮಾಡ್ತೇನೆ. ನಮ್ಮ ಸಭೆಯ ಕಾಂಪೌಂಡಿನ ಗುಲ್‌ಮೊಹರ್ ಮರ ನಿಮಗೆಲ್ಲ ಗೊತ್ತು. ಪಕ್ಕದ ಮನೆ ಅಜ್ಜಿ ಮೂರು ಸಲ ಹೇಳಿದ್ರು, "ಪಾಸ್ಟರೇ, ರಸ್ತೆ ಕಡೆ ಕೊಂಬೆ ಒಣಗಿದೆ, ಒಂದ್ಸಲ ನೋಡ್ಸಿ" ಅಂತ. "ಆಗ್ಲಿ ಅಜ್ಜಿ" ಅಂದೆ. ನೋಡಿಸಲಿಲ್ಲ. ಮೇ ತಿಂಗಳ ಗಾಳಿಮಳೆಗೆ ಆ ಕೊಂಬೆ ಗೇಟಿನ ಹೊರಗಿದ್ದ ಆಟೋ ಮೇಲೆ ಬಿತ್ತು. ಓಡಿಸೋ ಸಹೋದರರು ಆಗಷ್ಟೇ ಟೀ ಕುಡಿಯೋಕೆ ಇಳಿದಿದ್ದರು. ಪ್ರಾಣ ಉಳೀತು, ಸ್ತೋತ್ರ. ಆದರೆ ಆಟೋ ರಿಪೇರಿ ಆಗೋವರೆಗೆ ಅವರಿಗೆ ದುಡಿಮೆ ಇರಲಿಲ್ಲ.

"ಗಾಳಿಮಳೆ, ನಾವೇನು ಮಾಡೋಕಾಗುತ್ತೆ?" ಅಂತ ನಾನೂ ಹೇಳಿದೆ. ಆ ರಾತ್ರಿ ಮೊಣಕಾಲೂರಿದಾಗ ಪವಿತ್ರಾತ್ಮನು ಈ ವಾಕ್ಯವನ್ನು ನೆನಪಿಗೆ ತಂದನು. ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಅಪರಾಧ ಆ ಮನೆಯ ಮೇಲೆ. ವಿಮೋಚನಕಾಂಡ 21ರಲ್ಲಿ ಹಾಯುವ ಎತ್ತಿನ ವಿಷಯ ಇದೆ. ಯಜಮಾನನಿಗೆ ಮೊದಲೇ ತಿಳಿಸಿದ್ದರೆ ತಪ್ಪು ಎತ್ತಿನದಷ್ಟೇ ಅಲ್ಲ, ಅವನದೂ ಹೌದು. ನನಗೆ ಮೂರು ಸಲ ತಿಳಿಸಿದ್ದರು! ಆಟೋ ರಿಪೇರಿ ಖರ್ಚನ್ನು ಸಭೆಯಿಂದ ಕೊಟ್ಟೆವು. ಅದು ದಾನ ಅಲ್ಲ ಪ್ರಿಯರೇ, ಸಾಲ ತೀರಿಸಿದ್ದು.

ಆಗ ಕೆಲವರು, "ಮರಾನೇ ಕಡಿಸಿಬಿಡಿ" ಅಂದರು. ಮರದ ಆರೈಕೆ ಬಲ್ಲ ಒಬ್ಬ ಸಹೋದರರನ್ನು ಕರೆಸಿದೆವು. ಅವರು ತೋರಿಸಿದ್ದೇನು? ಪಾರ್ಕಿಂಗ್‌ಗೆ ಅಂತ ಬುಡದವರೆಗೂ ಕಾಂಕ್ರೀಟ್ ಹಾಕಿದ್ದು ನಾವು. ಚರಂಡಿಗಾಗಿ ಬೇರು ಕಡಿದದ್ದು ನಾವು. ಕನ್ವೆನ್ಷನ್ ಬ್ಯಾನರ್‌ಗೆ ಮೊಳೆ ಹೊಡೆದದ್ದೂ ನಾವೇ. ಎಲ್ಲ ಮಾಡಿ ಮರದ ಮೇಲೆ ತಪ್ಪು ಹೊರಿಸಿದೆವು.

ಲೂಕ 13ರಲ್ಲಿ ಯಜಮಾನ ಅಂಜೂರದ ಮರವನ್ನು ಕಡಿ ಅಂದಾಗ ತೋಟಗಾರ ಮರವನ್ನು ಬೈಯಲಿಲ್ಲ. ಇನ್ನೊಂದು ವರ್ಷ ಕೊಡಿ, ಸುತ್ತ ಅಗೆದು ಗೊಬ್ಬರ ಹಾಕ್ತೇನೆ ಅಂದ. ಕೆಲಸವನ್ನು ತನ್ನ ಮೈಮೇಲೆ ಹಾಕಿಕೊಂಡ. ಆಮೆನ್? ಅದಾದ ಮೇಲೂ ಫಲ ಕೊಡದಿದ್ದರೆ ಕಡಿಯಿರಿ ಅಂತಾನೂ ಅವನೇ ಹೇಳಿದ. ಹಾಗಾಗಿ ಅಪಾಯದ ಮರವನ್ನು ಸುಮ್ಮನೆ ಬಿಡೋದು ಪ್ರೀತಿಯಲ್ಲ. ಸಿಟ್ಟಿಗೆ ಕಡಿಯೋದು ನ್ಯಾಯವಲ್ಲ.

ನಾವು ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಒಡೆಸಿದೆವು, ನೀರೂ ಗಾಳಿಯೂ ಇಳಿಯಲಿ ಅಂತ. ತರಗೆಲೆ ಹರಡಿದೆವು, ಕಾಂಡಕ್ಕೆ ತಾಗದ ಹಾಗೆ. ಉಳಿದ ಒಣ ಕೊಂಬೆಗಳನ್ನು ತೆಗೆಸಿದೆವು. ಕೊಂಬೆ ಕಾಂಡಕ್ಕೆ ಸೇರೋ ಕಡೆ ಒಂದು ಉಬ್ಬು ಇರುತ್ತೆ. ಅದರ ಹೊರಗಡೆ, ಹತ್ತಿರದಲ್ಲೇ ಕತ್ತರಿಸಬೇಕು. ಆಗ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತೆ. ಮೋಟು ಬಿಟ್ಟರೆ ಕೊಳೆತ ಅಲ್ಲಿಂದಲೇ ಒಳಗೆ ಇಳಿಯುತ್ತೆ.

ಇನ್ನೊಂದು ಮಾತು. ಸೈಟು ನನ್ನದು, ಮರ ನನ್ನದು ಅಂತ ಮನಸ್ಸಿಗೆ ಬಂದ ಹಾಗೆ ಕಡಿಸೋ ಹಾಗಿಲ್ಲ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಡಿ.

ಈ ವಾರ ಮನೆಗೆ ಹೋಗಿ ಒಂದ್ಸಲ ತಲೆ ಎತ್ತಿ ನೋಡಿ. ಒಣ ಕೊಂಬೆ ಇದೆಯಾ? ಬುಡದಲ್ಲಿ ಅಣಬೆ ಎದ್ದಿದೆಯಾ? ಮರ ಹೊಸದಾಗಿ ವಾಲಿದೆಯಾ? ಪಕ್ಕದ ಮನೆಯವರು ಏನಾದರೂ ಹೇಳಿದ್ದಾರಾ? ಕೇಳಿಸಿಕೊಳ್ಳಿ. ನಾನು ಕೇಳಿಸಿಕೊಳ್ಳಲಿಲ್ಲ.

ಪ್ರಾರ್ಥಿಸೋಣ. ಕರ್ತನೇ, ಗೊತ್ತಿದ್ದೂ ಮುಂದೂಡಿದ್ದನ್ನು ಕ್ಷಮಿಸು. ನೀನು ಒಪ್ಪಿಸಿದ ನೆಲದಲ್ಲಿ ನಮ್ಮನ್ನು ನಂಬಿಗಸ್ತ ತೋಟಗಾರರನ್ನಾಗಿ ಮಾಡು. ಯೇಸುವಿನ ನಾಮದಲ್ಲಿ, ಆಮೆನ್.