ಚೀಲದ ಮೇಲಿನ ಮೆಣಸಿನಕಾಯಿ

ಬ್ಯಾಡಗಿ ಪೇಟೆಯಲ್ಲಿ ಚೀಲದ ಮೇಲಿನ ಮೆಣಸಿನಕಾಯಿ ನೋಡಿ ಯಾರೂ ದರ ಹೇಳುವುದಿಲ್ಲ. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರೆ. ಕದರಮಂಡಲಗಿಯಿಂದ ಅಪ್ಪನ ಜೊತೆ ಹೋಗುತ್ತಿದ್ದಾಗ ಕಲಿತ ಈ ಪಾಠ, ದೇಶಗಳ ಶ್ರೇಯಾಂಕದ ಮೇಲೆ ಸಂಶೋಧನೆ ಮಾಡುವಾಗ ನನಗೆ ಮರೆತೇಹೋಗಿತ್ತು.

ವಿಶ್ವಬ್ಯಾಂಕಿನ 'ಡೂಯಿಂಗ್ ಬಿಸಿನೆಸ್' 2015ರ ವರದಿಯಲ್ಲಿ 142ನೆಯ ಸ್ಥಾನದಲ್ಲಿದ್ದ ಭಾರತ, 2020ರ ವರದಿಯಲ್ಲಿ 63ಕ್ಕೆ ಏರಿತ್ತು. 'ಭಾರತ ಏರಿತು' ಎಂದು ಅಧ್ಯಾಯದಲ್ಲಿ ಬರೆದೂಬಿಟ್ಟೆ. ಮಾಹಿತಿ ಸಂಗ್ರಹದ ವಿಧಾನವನ್ನು ಓದಿದ್ದು ಆಮೇಲೆ. ಅಲ್ಲಿ ಭಾರತವೆಂದರೆ ಮುಂಬೈ ಮತ್ತು ದೆಹಲಿ ಮಾತ್ರ. ಬೇರೆ ಕೆಲವು ದೇಶಗಳ ದತ್ತಾಂಶದಲ್ಲಿ ಅಕ್ರಮ ಪತ್ತೆಯಾಗಿ 2021ರಲ್ಲಿ ಆ ವರದಿಯೇ ನಿಂತುಹೋಯಿತು. ಆದರೆ ಎರಡು ನಗರಗಳ ವಿಷಯವನ್ನು ಅವರು ಮುಚ್ಚಿಟ್ಟಿರಲಿಲ್ಲ. ಅದನ್ನು ಓದದೆ ಇಡೀ ದೇಶದ ಹೆಸರು ಬರೆದವನು ನಾನು.

ಹಾಗೆಂದು ಅಳತೆಯೇ ಬೇಡವೇ? ತಕ್ಕಡಿಯೇ ಇಲ್ಲದ ಪೇಟೆಯಲ್ಲಿ ಮೊದಲು ಸೋಲುವವನು ರೈತ. ಎಣಿಕೆ ಇಲ್ಲದಿದ್ದರೆ ಹಿಂದೆ ಉಳಿದವರು ಕಾಣಿಸುವುದೂ ಇಲ್ಲ. ತಕ್ಕಡಿಗೆ ಏನನ್ನು ಹಾಕಿದ್ದೇವೆ ಎಂದು ಹೇಳುವುದಷ್ಟೇ ನಮ್ಮ ಹೊಣೆ.

ಈಗ ಆ ವಾಕ್ಯದಲ್ಲಿ ಎರಡು ಊರುಗಳ ಹೆಸರು ಸೇರಿಸಿದ್ದೇನೆ. ವಾಕ್ಯ ಉದ್ದವಾಗಿದೆ, ಹೆಮ್ಮೆ ತುಸು ಕಡಿಮೆಯಾಗಿದೆ. ಆದರೆ ಅದನ್ನು ಅಪ್ಪನ ಎದುರು ಓದಬಲ್ಲೆ.