ಬಕಾಸುರನಿಗಿಲ್ಲದ ಸಹನೆ

ನಮ್ಮ ಚಿಂತಾಮಣಿ ಕಡೆಯವರಿಗೆ ಬಕಾಸುರ ಹತ್ತಿರದವನೇ. ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಅನ್ನೋ ನಂಬಿಕೆ ಇದೆ. ಗಾಡಿ ತುಂಬ ಅನ್ನ, ಎಳೆದು ತಂದ ಕೋಣ, ಹೊಡೆದು ತಂದ ಮನುಷ್ಯ, ಎಲ್ಲವನ್ನೂ ನುಂಗುತ್ತಿದ್ದವನು. ಕೊನೆಗೆ ಭೀಮನ ಕೈಯಲ್ಲಿ ಸತ್ತ. ಅಲ್ಲಿನ ಭೀಮಲಿಂಗೇಶ್ವರ ಗುಡಿ ಇವತ್ತಿಗೂ ಆ ಕಥೆ ಹೇಳುತ್ತೆ.

ನಮ್ಮ ಮೈಯೊಳಗೂ ಅಂಥ ತಿಂಡಿಪೋತರಿದ್ದಾರೆ. ಮ್ಯಾಕ್ರೋಫೇಜ್ ಅಂತ ಹೆಸರು. ಅರ್ಥವೇ ‘ದೊಡ್ಡ ತಿನ್ನುಬಾಕ’. ರೋಗಾಣು, ಸತ್ತ ಜೀವಕೋಶ ಎಲ್ಲವನ್ನೂ ನುಂಗೋದು ಅದರ ಕೆಲಸ. ಹಾಗಾದರೆ ಪಕ್ಕದಲ್ಲೇ ಹಾದುಹೋಗುವ ಆರೋಗ್ಯವಂತ ಕೆಂಪು ರಕ್ತಕಣವನ್ನು ಯಾಕೆ ಬಿಡುತ್ತೆ? ಹೊಟ್ಟೆ ತುಂಬಿದೆ ಅಂತಲ್ಲ. ಕಣದ ಮೈಮೇಲೆ ಸಿಡಿ47 ಅನ್ನೋ ಪ್ರೋಟೀನ್ ಇದೆ, ಮ್ಯಾಕ್ರೋಫೇಜ್ ಮೈಮೇಲೆ ಸಿರ್ಪ್-ಆಲ್ಫಾ ಅನ್ನೋ ಇನ್ನೊಂದು. ಇವೆರಡೂ ಕೂಡಿಕೊಂಡರೆ ‘ತಿನ್ನಬೇಡ’ ಅನ್ನೋ ಸೂಚನೆ ಒಳಗೆ ಹೋಗುತ್ತೆ. ಸಿಡಿ47 ಇಲ್ಲದ ರಕ್ತಕಣಗಳನ್ನು ವಿಜ್ಞಾನಿಗಳು ಸಾಮಾನ್ಯ ಇಲಿಗಳಿಗೆ ಕೊಟ್ಟು ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗುಲ್ಮದ ಮ್ಯಾಕ್ರೋಫೇಜ್‌ಗಳು ಅವನ್ನು ಬೇಗನೆ ನುಂಗಿ ಮುಗಿಸಿದ್ದವು.

ಇಲ್ಲಿ ನನ್ನನ್ನು ಕಾಡೋದು ‘ಸಹನೆ’ ಅನ್ನೋ ಪದ. ಸಹನೆ ಅಂದರೆ ಅಡ್ಜಸ್ಟ್ ಮಾಡ್ಕೊಳ್ಳೋದು, ಕೈಲಾಗದವರ ಗುಣ ಅಂದುಕೊಂಡಿದ್ದೇವೆ, ಅಲ್ವಾ? ಮೈಯೊಳಗೆ ಹಾಗಿಲ್ಲ. ನುಂಗುವ ಶಕ್ತಿ ಇರೋದೇ ಹತ್ತಿರ ಹೋಗಿ, ಮುಟ್ಟಿ, ವಿಚಾರಿಸಿ ಬಿಡುತ್ತೆ. ಸಹಿಸುವ ಹೊಣೆ ಬಲ ಇದ್ದವರದು.

‘ವಿಚಾರಿಸೋದು ನಾವೂ ಮಾಡ್ತೀವಲ್ಲ’ ಅನ್ನಬಹುದು. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಮನೆ ತೋರಿಸೋ ಮೊದಲೇ ‘ನೀವು ಯಾವ ಜನ?’ ಅಂತ ಕೇಳ್ತಾರೆ. ಆದರೆ ಮ್ಯಾಕ್ರೋಫೇಜ್ ನೋಡೋದು ಹುಟ್ಟನ್ನಷ್ಟೇ ಅಲ್ಲ, ಈಗಿನ ಸ್ಥಿತಿಯನ್ನು. ಸುಮಾರು 120 ದಿನ ದುಡಿದು ಸವೆದ ನಮ್ಮದೇ ರಕ್ತಕಣವನ್ನೂ ಅದು ನುಂಗುತ್ತೆ. ಕರುಳಿನಲ್ಲಾದರೆ, ನಮ್ಮವಲ್ಲದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆಯೂ ಸಾಮಾನ್ಯವಾಗಿ ಉರಿಯೂತ ಎಬ್ಬಿಸದೆ ಇರುತ್ತೆ.

ಈ ನಂಬಿಕೆಗೆ ಬೆಲೆಯೂ ಇದೆ. ಹಲವು ಕ್ಯಾನ್ಸರ್ ಕೋಶಗಳು ಮೈತುಂಬ ಸಿಡಿ47 ಹೊದ್ದು ಪಾರಾಗುತ್ತವೆ. ಆ ಗುರುತನ್ನು ಮುಚ್ಚುವ ಔಷಧಿಗಳನ್ನು ಪ್ರಯೋಗಿಸಿದಾಗ ಕೆಲವು ರೋಗಿಗಳಿಗೆ ರಕ್ತಹೀನತೆ ಬಂತು. ಕಳ್ಳನನ್ನು ಹಿಡಿಯೋಕೆ ಎಲ್ಲರ ಗುರುತನ್ನೂ ಮುಚ್ಚಿದರೆ ಬಲಿಯಾಗೋದು ಏನೂ ಮಾಡದ ರಕ್ತಕಣವೇ.

ಜೀವಕೋಶದಿಂದ ನೀತಿಪಾಠ ಕಲೀಬೇಕು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಪಾಪಪುಣ್ಯ ಗೊತ್ತಿಲ್ಲ. ನಮಗೆ ಗೊತ್ತಿದೆ. ಒಬ್ಬ ಬಾಡಿಗೆದಾರ ಕೈಕೊಟ್ಟ ಅಂತ ಅವನ ಜನಕ್ಕೆಲ್ಲ ಬಾಗಿಲು ಹಾಕೋದು ಎಚ್ಚರಿಕೆಯಲ್ಲ. ಒಮ್ಮೊಮ್ಮೆ ಮೋಸ ಹೋಗೋಕೆ ತಯಾರಿಲ್ಲದವರು ಯಾರನ್ನೂ ಸಹಿಸಲಾರರು ಅನ್ನೋದು ನನ್ನ ಅನಿಸಿಕೆ.